ಬಿದ್ದ ಚಿನ್ನದ ಗಣಿ ಷೇರು ಏಳುತ್ತಾ? ದುಡ್ಡು ಹಾಕುವ ಮೊದಲು ಹೀಗೆ ನೋಡಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ನಿಂತರೆ ಮೊದಲು ಕೇಳಿಸುವುದು ಪಾರ್ಚ್‌ಮೆಂಟ್ ಕಾಫಿಯ ರೇಟು, ಆಮೇಲೆ ಮಳೆ, ಈಗೀಗ ಮೂರನೆಯದಾಗಿ ಷೇರು. "ಚಿನ್ನ ಈ ಪಾಟಿ ಏರಿದೆ, ಗಣಿ ಷೇರು ಇನ್ನೂ ಕೆಳಗೇ ಬಿದ್ದಿದೆ, ಏಳದೆ ಎಲ್ಲಿಗೆ ಹೋಗುತ್ತೆ?" ಈ ಮಾತನ್ನು ನಾನೂ ನಂಬಿದ್ದೆ. ಫೋನಿನ ಆಪ್‌ನಲ್ಲಿ ಅಮೆರಿಕದ ಪೇಟೆಯ ಒಂದು ಸಣ್ಣ ಗಣಿ ಕಂಪನಿಯ ಷೇರು ತಗೊಂಡೆ. 4 ಡಾಲರಿಗೆ ತಗೊಂಡಿದ್ದು 2ಕ್ಕೆ ಬಂದಾಗ ಇನ್ನಷ್ಟು ತಗೊಂಡೆ, 1ಕ್ಕೆ ಬಂದಾಗ ಮನೆಯಲ್ಲಿ ಅದರ ಸುದ್ದಿ ಎತ್ತುವುದನ್ನೇ ಬಿಟ್ಟೆ. ಕಂಪನಿಯ ಹೆಸರು ಬೇಡ. ನೋಡಬೇಕಾದ್ದನ್ನು ನೋಡದೆ ಕೊಂಡವನು ನಾನು.

ಅಮೆರಿಕಕ್ಕೆ ಯಾಕೆ ಹೋದೆ ಅಂತೀರಾ? ನಮ್ಮಲ್ಲಿ ಕೊಳ್ಳಲು ಆಯ್ಕೆಯೇ ಕಮ್ಮಿ. ಹಟ್ಟಿ ಗಣಿ ರಾಜ್ಯ ಸರ್ಕಾರದ್ದು, ಅದರ ಷೇರು ಪೇಟೆಯಲ್ಲಿ ಸಿಗಲ್ಲ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೇ ಬಾಗಿಲು ಹಾಕಿತು.

ಮೊದಲು: ಒಂದು ಔನ್ಸ್ ತೆಗೆಯಲು ಖರ್ಚೆಷ್ಟು?

ಇದು ತೋಟ ಇರುವವರಿಗೆ ಬೇಗ ಅರ್ಥವಾಗುತ್ತೆ. ಕಾಫಿ ರೇಟು ಎಷ್ಟು ಅನ್ನುವುದರ ಜೊತೆಗೆ, ಕುಯ್ಲಿನ ಕೂಲಿ, ಗೊಬ್ಬರ, ನೆರಳು ಕಸಿ, ಸ್ಪ್ರೇ ಎಲ್ಲ ಸೇರಿ ಒಂದು ಮೂಟೆಗೆ ನಿಮ್ಮ ಕೈಯಿಂದ ಎಷ್ಟು ಹೋಯಿತು ಅನ್ನುವುದೂ ಮುಖ್ಯ ಅಲ್ವಾ? ಗಣಿಯದ್ದೂ ಅದೇ ಲೆಕ್ಕ. ಕಂಪನಿಯ ಮೂರು ತಿಂಗಳ ವರದಿ ತೆರೆದು 'ಆಲ್ ಇನ್ ಸಸ್ಟೇನಿಂಗ್ ಕಾಸ್ಟ್' ಅನ್ನುವ ಸಾಲು ಹುಡುಕಿ. ಚಿನ್ನದ ಗಣಿ ಕಂಪನಿಗಳ ಸಂಘವಾದ ವರ್ಲ್ಡ್ ಗೋಲ್ಡ್ ಕೌನ್ಸಿಲ್ 2013ರಲ್ಲಿ ಶುರು ಮಾಡಿದ ಲೆಕ್ಕ ಇದು. ಅಗೆಯುವ ಖರ್ಚು, ಯಂತ್ರಗಳನ್ನು ನಡೆಸಿಕೊಂಡು ಹೋಗುವ ಖರ್ಚು, ಕಚೇರಿ ಖರ್ಚು ಎಲ್ಲ ಒಂದೇ ಅಂಕಿಯಲ್ಲಿ ಬರುತ್ತೆ. ಒಂದು ಔನ್ಸ್ ಅಂದರೆ 31.1 ಗ್ರಾಂ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಚಿನ್ನ 2,000 ಡಾಲರ್, ಖರ್ಚು 1,500 ಅಂತಿಟ್ಟುಕೊಳ್ಳಿ. ಉಳಿಯುವುದು 500. ಚಿನ್ನ ಶೇ 10 ಏರಿ 2,200 ಆದರೆ 700 ಉಳಿಯುತ್ತೆ, ಅಂದರೆ ಲಾಭ ಶೇ 40 ಜಾಸ್ತಿ. ಈ ಆಸೆಗೇ ಜನ ಬೀಳುವುದು. ಅದೇ ಚಿನ್ನ ಶೇ 10 ಇಳಿದರೆ ಲಾಭ ಶೇ 40 ಕರಗುತ್ತೆ. 2011ರಲ್ಲಿ 1,900 ಡಾಲರ್ ಮುಟ್ಟಿದ್ದ ಚಿನ್ನ 2015ರ ಕೊನೆಗೆ 1,050ರ ಹತ್ತಿರ ಬಂತು. ಚಿನ್ನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಿದ್ದರೆ, ದೊಡ್ಡ ಗಣಿ ಕಂಪನಿಗಳ ಷೇರು ಒಟ್ಟುಗೂಡಿಸಿದ ಜಿಡಿಎಕ್ಸ್ ಫಂಡ್ ಸುಮಾರು ಶೇ 80 ಬಿತ್ತು.

ಆಮೇಲೆ: ಬಿದ್ದಿದ್ದು ಯಾಕೆ?

ಚಿನ್ನದ ಜೊತೆ ಬಿದ್ದಿದ್ದರೆ ಚಿನ್ನದ ಜೊತೆ ಏಳಬಹುದು. ಚಿನ್ನ ಏರುತ್ತಿರುವಾಗಲೇ ಷೇರು ಬಿದ್ದಿದ್ದರೆ ಒಳಗೆ ಬೇರೇನೋ ಆಗಿದೆ ಅಂತ ಅರ್ಥ. 2024ರ ಅಕ್ಟೋಬರಿನಲ್ಲಿ ಚಿನ್ನ ದಾಖಲೆ ಮಟ್ಟದಲ್ಲಿದ್ದಾಗಲೇ ಜಗತ್ತಿನ ಅತಿ ದೊಡ್ಡ ಚಿನ್ನದ ಗಣಿ ಕಂಪನಿ ನ್ಯೂಮಾಂಟ್ ಷೇರು ಒಂದೇ ದಿನಕ್ಕೆ ಸುಮಾರು ಶೇ 15 ಇಳಿಯಿತು. ಖರ್ಚು ಎಣಿಸಿದ್ದಕ್ಕಿಂತ ಜಾಸ್ತಿ ಆಗಿತ್ತು.

ಇನ್ನೂ ಕೆಟ್ಟದ್ದು ಪರವಾನಗಿಯ ತಂಟೆ. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಕುದುರೆಮುಖ ಇದೆ. ಅಲ್ಲಿ ಕಬ್ಬಿಣದ ಅದಿರು ಬರಿದಾಗಲಿಲ್ಲ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರು ಇವತ್ತಿಗೂ ಗುಡ್ಡದೊಳಗೇ ಇದೆ. ಹಾಗಾಗಿ "ನೆಲದಲ್ಲಿ ಇಷ್ಟು ಚಿನ್ನ ಇದೆ" ಅಂತ ಯಾರಾದರೂ ಹೇಳಿದರೆ, ಅದನ್ನು ತೆಗೆಯಲು ಯಾರು ಬಿಟ್ಟಿದ್ದಾರೆ ಅಂತ ಕೇಳಿ.

ಮುಖ್ಯವಾದದ್ದು: ಷೇರು ಎಷ್ಟಿವೆ?

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ನಾನು ಕೊಂಡ ಮೇಲೆ ಚಿನ್ನ ನಿಜಕ್ಕೂ ಏರಿತು. ಕಂಪನಿಯ ಒಟ್ಟು ಬೆಲೆಯೂ ಸ್ವಲ್ಪ ಚೇತರಿಸಿಕೊಂಡಿತು. ನನ್ನ ಷೇರು ಮಾತ್ರ ಇದ್ದಲ್ಲೇ ಇತ್ತು. ಯಾಕೆ ಅಂತ ಹಳೇ ವರದಿ, ಹೊಸ ವರದಿ ಪಕ್ಕಪಕ್ಕ ಇಟ್ಟು ನೋಡಿದರೆ ಷೇರುಗಳ ಸಂಖ್ಯೆ ಎರಡೂವರೆ ಪಟ್ಟು ಆಗಿತ್ತು! ಕೈಯಲ್ಲಿ ಕಾಸಿಲ್ಲದ ಕಂಪನಿ ಸಾಲ ಸಿಗದಿದ್ದರೆ ಹೊಸ ಷೇರು ಮಾರಿ ದುಡ್ಡು ಎತ್ತುತ್ತೆ. ಅಜ್ಜನ 20 ಎಕರೆ ತೋಟ ಇದ್ದಷ್ಟೇ ಇದೆ, ಪಾಲು ಕೇಳುವವರು ಮಾತ್ರ ಇಬ್ಬರಿಂದ ಐದು ಜನ ಆದರು, ಅಷ್ಟೇ.

ಆದ್ದರಿಂದ ಮೂರು ವರ್ಷದ ಹಿಂದಿನ ಷೇರು ಸಂಖ್ಯೆ, ಇವತ್ತಿನದು, ಎರಡನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಕೈಯಲ್ಲಿರುವ ನಗದನ್ನು ಮೂರು ತಿಂಗಳಿಗೆ ಆಗುವ ಖರ್ಚಿನಿಂದ ಭಾಗಿಸಿ. ಉತ್ತರ ನಾಲ್ಕಕ್ಕಿಂತ ಕಡಿಮೆ ಬಂದರೆ ವರ್ಷದೊಳಗೆ ಹೊಸ ಷೇರು ಬರಬಹುದು ಅಂತಲೇ ಇಟ್ಟುಕೊಳ್ಳಿ. ವಾರಂಟ್ ಅಂತ ಕೊಟ್ಟಿದ್ದರೆ ಅದನ್ನೂ ಎಣಿಸಿ, ಅದು ನಾಳೆ ಷೇರಾಗುವ ಚೀಟಿ.

ಗಣಿಯಾ, ಬರೀ ಹುಡುಕಾಟವಾ?

ನಮ್ಮ ಪಕ್ಕದ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆಯ ಕಲ್ಲಿನಲ್ಲೂ ಚಿನ್ನ ಇದೆ, ಕೆಂಪಿನಕೋಟೆಯಲ್ಲಿ ಹಿಂದೆ ಅಗೆದ ಗುರುತುಗಳಿವೆ. ಹಾಗಂತ ಅಲ್ಲಿ ಯಾರೂ ಶ್ರೀಮಂತರಾಗಿಲ್ಲ. ವರದಿಯಲ್ಲಿ 'ರಿಸೋರ್ಸ್' ಅಂದರೆ ಇರಬಹುದಾದ ಅದಿರು, 'ರಿಸರ್ವ್' ಅಂದರೆ ಲಾಭಕ್ಕೆ ತೆಗೆಯಬಹುದು ಅಂತ ಲೆಕ್ಕ ಹಾಕಿದ್ದು. 'ಇನ್‌ಫರ್ಡ್' ಅನ್ನುವ ಪದ ಕಂಡರೆ ಅದು ಬಹುಪಾಲು ಅಂದಾಜು. ಕೆನಡಾದ ಬ್ರೀ-ಎಕ್ಸ್ ಕಂಪನಿ ಇಂಡೋನೇಷ್ಯಾದ ಕಾಡಿನಲ್ಲಿ ಭಾರೀ ಚಿನ್ನ ಸಿಕ್ಕಿದೆ ಅಂದಿತ್ತು. 1997ರಲ್ಲಿ ಗೊತ್ತಾಯಿತು, ಕಲ್ಲಿನ ಮಾದರಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಿದ್ದರು. ಷೇರು ಸೊನ್ನೆಯಾಯಿತು.

ಆವರೇಜ್ ಮಾಡುವ ಮುನ್ನ

ಶೇ 50 ಬಿದ್ದ ಷೇರು ಮೊದಲಿನ ಬೆಲೆಗೆ ಬರಲು ಶೇ 100 ಏರಬೇಕು. ಶೇ 80 ಬಿದ್ದದ್ದು ಐದು ಪಟ್ಟಾಗಬೇಕು. ನಾನು 4ಕ್ಕೆ 100, 2ಕ್ಕೆ 100 ತಗೊಂಡು ಸರಾಸರಿ 3 ಅಂತ ಖುಷಿಪಟ್ಟೆ. ಸುಮ್ನೆ ಸಮಾಧಾನ. ಅಪಾಯಕ್ಕೆ ಇಟ್ಟ ದುಡ್ಡು 400 ಡಾಲರಿಂದ 600ಕ್ಕೆ ಏರಿತ್ತು. ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ: ಬೆಲೆ ಇಳಿದದ್ದಕ್ಕೆ ಮತ್ತೆ ಕೊಳ್ಳಲ್ಲ, ಖರ್ಚಿನ ಅಂಕಿ ಇಳಿದರೆ ಮಾತ್ರ ಕೊಳ್ಳುತ್ತೇನೆ. ಕುಯ್ಲಿನ ಕೂಲಿಗೆ ಇಟ್ಟ ದುಡ್ಡು, ಬೆಳೆ ಸಾಲದ ದುಡ್ಡು ಇದಕ್ಕೆ ಖಂಡಿತ ಬೇಡ.

ಕೊನೆಗೆ ತೆರಿಗೆ

ಕಾಫಿ ಕೃಷಿ ಆದಾಯ, ಅದಕ್ಕೆಂಥ ರಿಟರ್ನ್ ಅಂತ ಕೂತವರು ನಮ್ಮ ಕಡೆ ಬೇಕಾದಷ್ಟು ಜನ. ವಿದೇಶಿ ಷೇರು ಒಂದೇ ಒಂದು ಇದ್ದರೂ ರಿಟರ್ನ್ ಹಾಕಿ, ಅದರಲ್ಲಿ ವಿದೇಶಿ ಆಸ್ತಿಯ ಭಾಗ ತುಂಬಬೇಕು. ನಷ್ಟಕ್ಕೆ ಮಾರಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿದವರಿಗೆ ಮಾತ್ರ ಆ ನಷ್ಟವನ್ನು ಮುಂದಿನ 8 ವರ್ಷದವರೆಗೆ ಷೇರಿನಂಥ ಬಂಡವಾಳದ ಲಾಭಕ್ಕೆ ಹೊಂದಿಸಿಕೊಳ್ಳಲು ಬಿಡುತ್ತಾರೆ. 24 ತಿಂಗಳು ದಾಟಿಸಿ ಮಾರಿದ್ದಾದರೆ ಅದು ದೀರ್ಘಾವಧಿ ನಷ್ಟ, ದೀರ್ಘಾವಧಿ ಲಾಭಕ್ಕೆ ಮಾತ್ರ ಹೊಂದುತ್ತೆ. ನಾನು ಅರ್ಧ ಮಾರಿ ನಷ್ಟ ಬರೆಸಿದ್ದೇನೆ, ಅದಕ್ಕೆ ಹೊಂದಿಸಲು ಲಾಭ ಎಲ್ಲಿಂದ ತರಲಿ ಅಂತ ಆಡಿಟರ್ ಕೇಳಿ ನಕ್ಕರು. ಇನ್ನರ್ಧ ಇನ್ನೂ ಫೋನಿನಲ್ಲಿದೆ.