ಒಲ್ಲೆ ಎಂದವರ ಗುಂಗಿನಿಂದ ಹೊರಬರುವುದು ಹೇಗೆ?

ಪ್ರೀತಿಗೆ ಒಲ್ಲೆ ಎಂಬ ಉತ್ತರ ಸ್ಪಷ್ಟವಾಗಿ ಬಂದ ಮೇಲೂ ಆಸೆ ಸಾಯದಂತೆ ಕಾಯುವುದು ಸಣ್ಣಪುಟ್ಟ ಸುಳಿವುಗಳೇ ಆದ್ದರಿಂದ, ಮೊದಲು ಅವರ ನಂಬರ್, ಹಳೆಯ ಚಾಟ್, ಫೋಟೊಗಳನ್ನು ಅಳಿಸಿ, ಗೆಳೆಯರ ಮೂಲಕ ಸುದ್ದಿ ಕೇಳುವುದನ್ನೂ ನಿಲ್ಲಿಸಬೇಕು. ಮಧ್ಯರಾತ್ರಿ ವಾಟ್ಸ್‌ಆ್ಯಪ್‌ನ ‘ಲಾಸ್ಟ್ ಸೀನ್’ ನೋಡಲು ಕೈ ತುಡಿದಾಗ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಆ ತುಡಿತ ಏರಿದಂತೆಯೇ ಇಳಿಯುತ್ತದೆ. ಕೊನೆಯದಾಗಿ ಒಮ್ಮೆ ಮಾತನಾಡಿ ಮುಗಿಸುತ್ತೇನೆ ಎಂಬ ಯೋಚನೆಯನ್ನಂತೂ ನಂಬಲೇಬೇಡಿ.

ಒಲ್ಲದ ಹೆಣ್ಣನ್ನು ಪದೇಪದೇ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ಅದಕ್ಕಿಂತ ಮುಖ್ಯವಾಗಿ, ಅದು ಆಕೆಯ ನೆಮ್ಮದಿಯನ್ನು ಕಸಿಯುತ್ತದೆ.

ನಿದ್ದೆ, ಊಟ, ಕೆಲಸ ಕೆಟ್ಟರೆ ಅಥವಾ ಸಾಯುವ ಯೋಚನೆ ಬಂದರೆ ತಡಮಾಡದೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಈ ಉಚಿತ ಸೇವೆ ಹಗಲಿರುಳೂ ಲಭ್ಯವಿದ್ದು, ಕನ್ನಡದಲ್ಲೇ ಮಾತನಾಡಬಹುದು.