ಐನೂರು ರೂಪಾಯಿ ಕೊಟ್ಟವರ ಹೆಸರು ಬಿಟ್ಟುಹೋದಾಗ

ದಾವಣಗೆರೆಯಲ್ಲಿ ಡಿಆರ್‌ಎಂ ಕಾಲೇಜು ಎಲ್ಲಿ ಅಂದರೆ ಯಾವ ಆಟೋದವರೂ ತೋರಿಸುತ್ತಾರೆ. ಆ ಮೂರಕ್ಷರ ಯಾರ ಹೆಸರು ಅಂತ ಕೇಳಿ ನೋಡಿ. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ ಎಂದು ಪೂರ್ತಿ ಹೇಳುವವರು ಕಡಿಮೆ. ಹೆಸರು ಬೋರ್ಡಿಗೆ ಹತ್ತಿದರೆ ದಾನಿಗೆ ಸಲ್ಲಬೇಕಾದ್ದು ಸಂದಿತು ಅಂತ ನಾನೂ ಬಹಳ ದಿನ ನಂಬಿದ್ದೆ.

ನಾನು ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. 1882ರಲ್ಲಿ ಶುರುವಾಗಿ, 1937ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕೈಗೆ ಬಂದ ಸಂಸ್ಥೆ. ನಮ್ಮ ಕಾಲಕ್ಕೆ ಕಾಲೇಜು, 2022ರಿಂದ ವಿಶ್ವವಿದ್ಯಾಲಯ. ನಮ್ಮ ಕಡೆಯಿಂದ ಅಲ್ಲಿಗೆ ಓದಲು ಹೋಗುವ ಬಡ ಮಕ್ಕಳ ಫೀಸಿಗೆ ನಾವು ಕೆಲವು ಹಳೆ ವಿದ್ಯಾರ್ಥಿಗಳು ಇಲ್ಲೇ ದಾವಣಗೆರೆಯಲ್ಲಿ ಹಣ ಕೂಡಿಸುತ್ತೇವೆ.

ಮೊದಲ ವರ್ಷ ದೊಡ್ಡ ಸಭೆ ಮಾಡಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಐದು ಸಾವಿರ ದಾಟಿದವರ ಹೆಸರು ಮಾತ್ರ ಕರಪತ್ರದಲ್ಲಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ನನ್ನ ಅಂಗಡಿಯಲ್ಲಿ ಈ ವಿಷಯ ಕೇಳಿ, ಜೇಬಿನಿಂದ ಐನೂರು ತೆಗೆದು ಕೊಟ್ಟಿದ್ದರು. ಅವರನ್ನು ಸಭೆಗೂ ಕರೆದಿರಲಿಲ್ಲ. ಮರುವರ್ಷ ಕೇಳಲು ಹೋದಾಗ ನಗುತ್ತಲೇ ಅಂದರು: "ನಮ್ದೇನ್ರೀ, ಚಿಲ್ಲರೆ." ಆ ಮಾತು ಚುಚ್ಚಿತು.

ಇದನ್ನು ನಮಗೆ ಪಾಠ ಹೇಳಿದ್ದ ಪಾದ್ರಿಯೊಬ್ಬರಿಗೆ ಹೇಳಿದೆ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಬರೆದ ನಿಯಮಾವಳಿಯಲ್ಲಿ ಇದಕ್ಕೊಂದು ದಾರಿ ಇದೆ ಅಂದರು. ಕಾಲೇಜು ಕಟ್ಟಿಸಿಕೊಟ್ಟವರಿಗೆ ವರ್ಷಕ್ಕೊಮ್ಮೆ ಒಂದು ಮೇಣದ ಬತ್ತಿ ಕೊಡಬೇಕು. ಅವರು ತೀರಿಕೊಂಡಿದ್ದರೆ ಹತ್ತಿರದ ನೆಂಟರಿಗೋ ವಂಶದವರಿಗೋ ಕೊಡಬೇಕು. ಅದು ಬರೀ ಕೃತಜ್ಞತೆಯ ಗುರುತು, ಅದರಿಂದ ಕಾಲೇಜಿನ ಮೇಲೆ ಯಾವ ಹಕ್ಕೂ ಬರುವುದಿಲ್ಲ ಅಂತಲೂ ಅದರಲ್ಲೇ ಇದೆಯಂತೆ. ಈ ಕೊನೆಯ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. "ದುಡ್ಡು ಕೊಟ್ಟಿದ್ದೀನಲ್ಲ, ನಮ್ಮ ತಂಗಿ ಮಗನಿಗೆ ಒಂದು ಸೀಟು ಕೊಡಿಸಿ" ಅನ್ನುವವರಿಗೆ ಈಗ ಮೇಣದ ಬತ್ತಿಯ ಕಥೆ ಹೇಳುತ್ತೇನೆ. ಒಬ್ಬರು ಸಿಟ್ಟಾಗಿ ಕೊಡುವುದನ್ನೇ ನಿಲ್ಲಿಸಿದರು. ನಿಲ್ಲಿಸಲಿ ಬಿಡಿ.

ಶಾಲಿನ ಖರ್ಚು ಮೊದಲು ಕಿತ್ತುಹಾಕಿದೆವು. ಹೆಸರಿನ ಪಟ್ಟಿ ಈಗ ಅಕಾರಾದಿಯಲ್ಲಿ ಇರುತ್ತದೆ, ಮೊತ್ತ ಇರುವುದಿಲ್ಲ. ಹೆಸರು ಬೇಡ ಅಂದವರದ್ದು ಹಾಕುವುದಿಲ್ಲ. ಹಣ ಬಂದ ವಾರದೊಳಗೆ ನಾನೇ ಫೋನ್ ಮಾಡುತ್ತೇನೆ, ಆ ಫೋನಿನಲ್ಲಿ ಮತ್ತೆ ದುಡ್ಡು ಕೇಳುವುದಿಲ್ಲ. ಮಕ್ಕಳನ್ನು ವೇದಿಕೆ ಹತ್ತಿಸಿ ದಾನಿಗಳ ಕಾಲಿಗೆ ಬೀಳಿಸುವುದನ್ನೂ ಬಿಟ್ಟೆವು. ಅದನ್ನು ಮಾಡಿಸಿದ್ದು ನೆನೆದರೆ ಈಗಲೂ ನಾಚಿಕೆ. ಬದಲಿಗೆ, ಇಷ್ಟವಿದ್ದ ಮಕ್ಕಳು ವರ್ಷಕ್ಕೊಂದು ಕಾಗದ ಬರೆಯುತ್ತಾರೆ. ಹೊಗಳಿಕೆ ಬೇಡ, ಏನು ಓದಿದೆ, ಏನು ಕಷ್ಟವಾಯ್ತು ಅಷ್ಟು ಬರಿ ಅಂತ ಹೇಳಿರುತ್ತೇನೆ. ಅದರ ಜೆರಾಕ್ಸ್ ಐನೂರು ಕೊಟ್ಟವರಿಗೂ ಹೋಗುತ್ತದೆ, ಐವತ್ತು ಸಾವಿರದವರಿಗೂ. ಒಂದು ಹುಡುಗಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಪಾತ್ರೆ ಒಡೆದು ದಂಡ ಕಟ್ಟಿದ್ದನ್ನು ಬರೆದಿದ್ದಳು. ಎಪಿಎಂಸಿಯ ದಲಾಲರೊಬ್ಬರು ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ಆ ವಾರ ಹೊಸಬರು ಮೂವರು ತಾವಾಗೇ ಬಂದು ಕೊಟ್ಟರು.

ಕೇಳುವ ಹೊತ್ತೂ ಮುಖ್ಯ. ಜೂನ್‌ನಲ್ಲಿ ಎಲ್ಲರಿಗೂ ಅವರವರ ಮಕ್ಕಳ ಫೀಸಿನ ಚಿಂತೆ. ಮೆಕ್ಕೆಜೋಳ ಮಾರುಕಟ್ಟೆಗೆ ಬಂದ ಮೇಲೆ ಹೋಗುತ್ತೇನೆ. ತೆರಿಗೆ ವಿನಾಯಿತಿ ಬೇಕು ಅನ್ನುವವರಿಗೆ, ಅದಕ್ಕೆ ಮಾನ್ಯತೆ ಇರುವ ಸಂಸ್ಥೆಗೇ ನೇರವಾಗಿ ಕೊಡಿ, ನಗದು ಎರಡು ಸಾವಿರ ದಾಟಿದರೆ ಲೆಕ್ಕಕ್ಕಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಅದು ಸಿಗುವುದೇ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಭಟ್ಟಿಯ ಹಿರಿಯರು ಮತ್ತೆ ಕೊಡುತ್ತಿದ್ದಾರೆ. ಹೋದ ಸಲ ಹೋದಾಗ ನಾನು ಬಾಯಿ ಬಿಡುವ ಮೊದಲೇ ಅವರೇ ಕೇಳಿದರು: "ಆ ಗಾಜು ಒಡೆದ ಹುಡುಗಿ ಪಾಸಾದ್ಲಾ?"