ಕಾಲು ಬಿಡಿಸದೆ ಓಡಿಸಿದ ಕುದುರೆಗಳು

‘ಕಾಲ ಎಲ್ಲಿ ಅದಾವ್ರೀ ಇದಕ್ಕ?’ ನನ್ನ ಜಲವರ್ಣದ ಕುದುರೆ ನೋಡಿದ ಹಿರಿಯ ಕಲಾವಿದರೆಲ್ಲ ಕೇಳಿದ್ದು ಇದನ್ನೇ. ಕಳೆದ ಚಳಿಗಾಲದಲ್ಲಿ ಅಂಥವೇ ಆರೇಳು ಚಿತ್ರ ಮಾರಾಟವಾದವು. ಒಂದಕ್ಕೆ ಸುಮಾರು ಆರು ಸಾವಿರ, ಫ್ರೇಮ್ ಬೇರೆ. ವಿಜಯಪುರದಲ್ಲೇ ಕೂತು ಇಷ್ಟು ಮಾಡಿದ್ದಕ್ಕೆ ನನಗೆ ಹೆಮ್ಮೆಯಿದೆ.

ದುಡ್ಡು ತಿಂದದ್ದು ಕಾಗದ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಕಾಗದದ ಮೇಲೆ ಕುತ್ತಿಗೆಯಿಂದ ಬೆನ್ನಿಗೆ ಬರುವಷ್ಟರಲ್ಲಿ ಬಣ್ಣ ಒಣಗಿ ಗಟ್ಟಿ ಅಂಚು ಬೀಳುತ್ತಿತ್ತು. ಹಾಳೆಗೆ ನೂರೈವತ್ತು ರೂಪಾಯಿ! ಒಂದೇ ಬೇಸಿಗೆಯಲ್ಲಿ ನಾಲ್ಕೈದು ಸಾವಿರ ನೀರಿಗೆ ಹೋಯಿತು. ಗ್ಲಿಸರಿನ್ ಬೆರೆಸಿದೆ. ಬಣ್ಣ ಅಂಟಂಟಾಗಿ ಉಳಿದು ಧೂಳು ಹಿಡಿಯಿತು. ಕೊನೆಗೆ ಕೈಹಿಡಿದದ್ದು ಹಳೆ ಕಿಟಕಿಯ ಗಾಜು. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನು ಅರ್ಧ ಗಂಟೆ ನೆನೆಸಿ, ಗುಳ್ಳೆ ಇಲ್ಲದಂತೆ ಗಾಜಿಗೆ ಹಾಸಿ, ಮೇಲಿನ ನೀರನ್ನಷ್ಟೇ ಬಟ್ಟೆಯಿಂದ ಒತ್ತಿ ತೆಗೆಯುತ್ತೇನೆ. ಅಡಿಯ ತೇವ ಹಾಗೇ ಉಳಿಯುತ್ತದೆ. ಫ್ಯಾನ್ ಆಫ್ ಮಾಡಿ ಬೆಳಗಿನ ಆರಕ್ಕೆ ಕೂತರೆ ಇಪ್ಪತ್ತು ನಿಮಿಷ ಆರಾಮಾಗಿ ಸಿಗುತ್ತದೆ.

ಕುದುರೆಗೆ ಬಣ್ಣ ಎರಡೇ, ಕೆಂಗಂದಿನ ಬರ್ನ್ಟ್ ಸಿಯೆನ್ನಾ ಮತ್ತು ಗಾಢ ನೀಲಿಯ ಅಲ್ಟ್ರಾಮರೀನ್. ತುಂಬ ನೀರು ಹಿಡಿಯುವ ದೊಡ್ಡ ಮೆತ್ತನೆಯ ಮಾಪ್ ಬ್ರಷ್ಷಿನಿಂದ ಮೊದಲು ಎದೆ, ಭುಜ, ಆಮೇಲೆ ಹಿಂಭಾಗ. ಭಾರ ಎಲ್ಲಿ ಬಿದ್ದಿದೆ ಅನ್ನುವುದು ಸರಿಯಾದರೆ ಕಾಲು ಧೂಳಿನಲ್ಲಿ ಕರಗಿದರೂ ಕುದುರೆ ಬೀಳುವುದಿಲ್ಲ. ಇದನ್ನು ಕಲಿತದ್ದು ಗೋಳಗುಮ್ಮಟದ ಹತ್ತಿರ ನಿಲ್ಲುವ ಟಾಂಗಾಗಳಿಂದ. ನಿಂತ ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟಿರುತ್ತದೆ, ಆ ಕಡೆಯ ಸೊಂಟ ಇಳಿದಿರುತ್ತದೆ. ಆ ಓರೆಯೊಂದು ಸಾಕು. ‘ಏರು ಬಂತಂದ್ರ ಮೊದಲ ತಲಿ ಕೆಳಗ ಹಾಕ್ತದ ನೋಡ್ರಿ’ ಅಂದರು ಟಾಂಗಾದ ಕಾಕಾ. ಅವತ್ತಿನಿಂದ ಎಳೆಯುವ ಕುದುರೆಯ ಕುತ್ತಿಗೆಯನ್ನು ಮೇಲೆತ್ತಿಲ್ಲ.

ಓಟಕ್ಕೆ ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ತೆಗೆದ ಓಡುವ ಕುದುರೆಯ ಫೋಟೋಗಳನ್ನೇ ನೋಡುತ್ತೇನೆ. ನಾಲ್ಕೂ ಕಾಲು ನೆಲ ಬಿಟ್ಟಾಗ ಅವು ಚಾಚಿರುವುದಿಲ್ಲ, ಹೊಟ್ಟೆಯಡಿ ಸೇರಿರುತ್ತವೆ. ಹಾಗಾಗಿ ಅಲ್ಲೊಂದು ಕಪ್ಪು ಕಲೆ ಬಿಟ್ಟರೆ ಓಟ ಬಂದುಬಿಡುತ್ತದೆ. ಪಂಢರಪುರಕ್ಕೆ ಹೊರಡುವ ಸಂತ ಜ್ಞಾನೇಶ್ವರರ ಪಾಲಖಿಗೆಂದು (ಪಲ್ಲಕ್ಕಿ ಯಾತ್ರೆ) ನಮ್ಮ ಚಿಕ್ಕೋಡಿ ಕಡೆಯ ಅಂಕಲಿಯಿಂದ ವರ್ಷವೂ ಮಹಾರಾಷ್ಟ್ರದ ಆಳಂದಿಗೆ ಹೋಗುವ ಕುದುರೆಗಳು ಇವೆಯಲ್ವಾ, ಅವು ರಿಂಗಣದಲ್ಲಿ, ಅಂದರೆ ಭಕ್ತರ ನಡುವಿನ ಸುತ್ತಿನಲ್ಲಿ, ಓಡುವುದನ್ನು ನೋಡಿ ಬಂದೆ. ಕಂಡದ್ದು ಎದೆ ಮತ್ತು ಧೂಳು, ಅಷ್ಟೇ. ಗೊರಸು ಎಣಿಸುವವರು ಅಲ್ಲಿ ನಿಂತು ಒಮ್ಮೆ ನೋಡಬೇಕು.

ನಡುವೆ ಕೆಮ್ಮಣ್ಣು ಅರೆದು, ಸೋಸಿ, ಜಾಲಿ ಅಂಟು ಬೆರೆಸಿಯೂ ಬಣ್ಣ ಮಾಡಿದೆ. ಅಂಟು ಕಡಿಮೆಯಾದರೆ ಬೆರಳಿಗೆ ಪುಡಿ ಬರುತ್ತದೆ, ಜಾಸ್ತಿಯಾದರೆ ಬಿರುಕು. ಒಂದು ಹನಿ ಜೇನು ಹಾಕಿದ ಮೇಲೆ ಹದಕ್ಕೆ ಬಂತು. ಧೂಳಿಗೆ ಈಗ ಅದನ್ನೇ ಬಳಸುತ್ತೇನೆ, ಖರ್ಚು ಸೊನ್ನೆ.

ಬೆನ್ನ ಮೇಲಿನ ಬಿಳಿ ಬೆಳಕನ್ನು ಒದ್ದೆ ಕಾಗದದಲ್ಲಿ ಹೇಗೆ ಉಳಿಸುತ್ತೇನೆ ಅಂತ ಬಹಳ ಜನ ಕೇಳುತ್ತಾರೆ. ಬಣ್ಣ ತಾಗದಂತೆ ಕಾಗದಕ್ಕೆ ಹಚ್ಚುವ ಮಾಸ್ಕಿಂಗ್ ದ್ರವ ಅಲ್ಲ, ಬಿಳಿ ಬಣ್ಣವೂ ಅಲ್ಲ. ಇನ್ನೊಂದು ಹತ್ತು ಕುದುರೆ ಮಾರಿದ ಮೇಲೆ ಹೇಳುತ್ತೇನೆ.